ಮಾವ ಕೂರಿಸಿಕೊಟ್ಟ ಡಿಫರೆನ್ಷಿಯಲ್

ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಕುಣಿಗಲ್ ತಾಲ್ಲೂಕಿನ ಒಂದು ಹೋಬಳಿಯಲ್ಲಿ ಪಶುವೈದ್ಯೆಯಾಗಿದ್ದೆ. ಮನೆ ಕುಣಿಗಲ್ ಪಟ್ಟಣದಲ್ಲಿತ್ತು. ನನ್ನ ಗಂಡ ತುಮಕೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೆ ಬರುವವರು. ಊರೂರು ತಿರುಗುವ ಕೆಲಸ ನನ್ನದು. ಮೊದಲು ಮೊಪೆಡ್ಡಿನಲ್ಲಿ ಹೋಗುತ್ತಿದ್ದೆ. ಒಮ್ಮೆ ಕೆರೆ ಏರಿಯ ಮೇಲೆ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡೆ. ಹಸುವಿನ ಗರ್ಭದೊಳಗೆ ಕೈ ಹಾಕಿ ಅಡ್ಡ ನಿಂತ ಕರುವನ್ನು ತಿರುಗಿಸಬೇಕಾದವಳಿಗೆ ಮಣಿಕಟ್ಟೇ ಬಂಡವಾಳ. ಪ್ಲಾಸ್ಟರ್ ಬಿಚ್ಚಿದ ಮೇಲೆ ಮೊಪೆಡ್ ಮಾರಿ, ಸಂತೆಗೆ ಜನ ಸಾಗಿಸುತ್ತಿದ್ದ ಒಬ್ಬರಿಂದ ಹಳೆಯ ಜೀಪು ಕೊಂಡೆವು.

ಜೀಪು ಅಂದಕೂಡಲೇ ಅದು ಎಲ್ಲಿ ಬೇಕಾದರೂ ಹೋಗುತ್ತದೆ ಅಂದುಕೊಳ್ಳುತ್ತಾರೆ. ನಾವೂ ಹಾಗೇ ಅಂದುಕೊಂಡಿದ್ದೆವು. ನಮ್ಮದು ನೋಡುವುದಕ್ಕಷ್ಟೇ ಜೀಪು. ಎಂಜಿನ್ನಿನ ಶಕ್ತಿಯೆಲ್ಲ ಹೋಗುತ್ತಿದ್ದುದು ಹಿಂದಿನ ಎರಡು ಚಕ್ರಗಳಿಗೆ; ಮುಂದಿನವು ಸುಮ್ಮನೆ ಜೊತೆಗೆ ಉರುಳುತ್ತಿದ್ದವು. ಟಾರು ರಸ್ತೆಯಲ್ಲಿ ಅದರಿಂದ ಏನೂ ತೊಂದರೆ ಇರಲಿಲ್ಲ.

ತೊಂದರೆ ತಿಳಿದದ್ದು ಮಾರ್ಕೋನಹಳ್ಳಿ ನಾಲೆಗೆ ನೀರು ಬಿಟ್ಟ ಮೇಲೆ. ಅಲ್ಲಿ ಗದ್ದೆ ಬಯಲಿನ ದಾರಿ ಒಂದು ಬದಿ ಕಲ್ಲು, ಇನ್ನೊಂದು ಬದಿ ಬೆಣ್ಣೆಯಂಥ ಜೇಡಿ. ಎಡಗಡೆಯ ಹಿಂಚಕ್ರ ಜೇಡಿಗೆ ಇಳಿದದ್ದೇ ತಡ, ಅದೊಂದೇ ಗಿರ್ರನೆ ತಿರುಗಿ ಕೆಸರು ಎರಚತೊಡಗಿತು. ಬಲಗಡೆಯದು ಗಟ್ಟಿ ಕಲ್ಲಿನ ಮೇಲೆ ಕೂತಿದ್ದರೂ ಅಲ್ಲಾಡಲಿಲ್ಲ. ನಾನು ಆಕ್ಸಲರೇಟರ್ ತುಳಿದಷ್ಟೂ ಎಡಗಡೆಯದು ತನ್ನ ಗುಂಡಿಯನ್ನು ತಾನೇ ತೋಡಿಕೊಂಡಿತು. ನಾನು ಹೊರಟಿದ್ದುದು ಕಾಲುಬಾಯಿ ಜ್ವರದ ಲಸಿಕೆ ಹಾಕಲು. ಲಸಿಕೆ ಹಾಕಿಸಿಕೊಳ್ಳಬೇಕಾದ ಎತ್ತುಗಳೇ ಬಂದು ನನ್ನ ಜೀಪನ್ನು ಎಳೆದು ಹಾಕಿದವು. ಅವುಗಳ ಯಜಮಾನ ನಗಲಿಲ್ಲ. "ಮೊದ್ಲೇ ಸೂಜಿ ಚುಚ್ಚಿದ್ರೆ ಇವು ಎಳೀತಿರ್ಲಿಲ್ಲ ಕಣವ್ವ. ಒಳ್ಳೇದೇ ಆಯ್ತು ಬುಡು," ಅಂದ.

ಆಮೇಲೆ ಅದು ಮಾಮೂಲಾಯಿತು. ಊರಿನವರು ಬೇಸರಿಸಿಕೊಳ್ಳದೆ ನೂಕುತ್ತಿದ್ದರು, ನಾನು ಸೀರೆಯ ನೆರಿಗೆ ಎತ್ತಿ ಕಟ್ಟಿ ಇಳಿದು ಚಕ್ರದ ಕೆಳಗೆ ತೆಂಗಿನ ಗರಿ ತುರುಕುತ್ತಿದ್ದೆ. ನಗುವಂಥದ್ದು ಅನ್ನಿಸದ ದಿನವೂ ಒಂದು ಬಂತು. ನಾಲೆಯ ಆಚೆಯ ಊರಲ್ಲಿ ಎಮ್ಮೆಯೊಂದು ಕರು ಹಾಕಲಾಗದೆ ಬೆಳಗಿನಿಂದ ಒದ್ದಾಡುತ್ತಿದೆ ಅಂತ ಕರೆ ಬಂತು. ಜೀಪು ಅದೇ ಜೇಡಿಯಲ್ಲಿ ಸಿಕ್ಕಿಕೊಂಡಿತು. ನೂಕಲು ಹತ್ತಿರದಲ್ಲಿ ಯಾರೂ ಇರಲಿಲ್ಲ. ಪೆಟ್ಟಿಗೆ ಹೊತ್ತು ಬದುವಿನ ಮೇಲೆ ನಡೆದೆ. ಎಮ್ಮೆ ಉಳಿಯಿತು, ಕರು ಉಳಿಯಲಿಲ್ಲ. ಬೇಗ ಹೋಗಿದ್ದರೂ ಅದು ಉಳಿಯುತ್ತಿತ್ತೋ ಇಲ್ಲವೋ ಹೇಳಲು ಬರುವುದಿಲ್ಲ. ಮನೆಯಾಕೆ ನನ್ನ ಕೈಗೆ ಬಿಸಿನೀರು ಹುಯ್ಯುತ್ತ, "ನೀವೇನ್ ಮಾಡಕಾಯ್ತದೆ ಡಾಕ್ಟ್ರಮ್ಮ, ದಾರಿ ಅಂಗೈತೆ," ಅಂದಳು. ಮನೆಗೆ ಬಂದು ಅದನ್ನು ಗಂಡನಿಗೆ ಹೇಳಿದೆ.

ನನ್ನ ಗಂಡ ಆ ದಿನ ಸಮಾಧಾನದ ಮಾತು ಹೇಳಲಿಲ್ಲ. ಒಂದು ವಾರ ಬಿಟ್ಟು ಊಟಕ್ಕೆ ಕೂತಾಗ, "ತಪ್ಪು ದಾರೀದಲ್ಲ, ಡಿಫರೆನ್ಷಿಯಲ್‌ದು," ಅಂದರು. ಜೀಪಿನ ಹಿಂದಿನ ಆಕ್ಸಲ್ ನಡುವೆ ಗಡಿಗೆಯಂತೆ ಉಬ್ಬಿದ ಭಾಗವೊಂದು ಇರುತ್ತದಲ್ಲ, ಅದರೊಳಗಿನ ಹಲ್ಲುಚಕ್ರಗಳ ಗುಂಪಿಗೆ ಆ ಹೆಸರು. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಉರುಳಬೇಕು, ಒಳಗಿನದು ಕಡಿಮೆ; ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗಲು ಅದು ಅವಕಾಶ ಕೊಡುತ್ತದೆ. ಒಂದು ಚಕ್ರ ಜಾರಿದರೆ ಎಂಜಿನ್ನಿನ ಸತ್ವವೆಲ್ಲ ಆ ಕಡೆಗೇ ಸೋರಿಹೋಗುವುದು ಅದರ ದೋಷ. ಇದಕ್ಕೆ ಪರಿಹಾರವಾಗಿ ಲಿಮಿಟೆಡ್ ಸ್ಲಿಪ್ ಅನ್ನುವ ಇನ್ನೊಂದು ಬಗೆ ಇದೆ. ಅದರೊಳಗೆ ಒತ್ತಾಗಿ ಜೋಡಿಸಿದ ಉಕ್ಕಿನ ಪ್ಲೇಟುಗಳಿರುತ್ತವೆ. ಒಂದು ಚಕ್ರ ಮಿತಿಮೀರಿ ಜಾರಹೊರಟರೆ ಅವು ತಡೆದು, ನೆಲ ಹಿಡಿದಿರುವ ಇನ್ನೊಂದು ಚಕ್ರಕ್ಕೂ ಪಾಲು ಕೊಡುತ್ತವೆ. ಇಷ್ಟನ್ನೂ ಅವರು ಸಾರಿನ ಬಟ್ಟಲು, ಮಜ್ಜಿಗೆ ಲೋಟಗಳನ್ನು ಸರಿಸಾಡಿ ವಿವರಿಸಿದರು. ನನಗೆ ಅರ್ಥವಾಯಿತು.

ಅವರ ವಿದ್ಯಾರ್ಥಿಯೊಬ್ಬನ ಅಣ್ಣ ಬೆಂಗಳೂರಿನಲ್ಲಿ ಕಾರ್ ರ್‍ಯಾಲಿಗಳಲ್ಲಿ ಭಾಗವಹಿಸುತ್ತಿದ್ದ. ಅವನ ಬಳಿ ಮುರಿದ ಜೀಪೊಂದರಿಂದ ಬಿಚ್ಚಿಟ್ಟ ಅಂಥದ್ದೊಂದು ಇತ್ತು, ನಮ್ಮ ಆಕ್ಸಲ್ಲಿನ ಅಳತೆಯದೇ. ನನ್ನ ಗಂಡ ಹೋಗಿ ಅದನ್ನು ಗೋಣಿಚೀಲದಲ್ಲಿ ಸುತ್ತಿ, ಬಸ್ಸಿನಲ್ಲಿ ಕಾಲ ಬಳಿ ಇಟ್ಟುಕೊಂಡು ತಂದರು. ಹಲಸಿನ ಹಣ್ಣಾ ಅಂತ ಪಕ್ಕದವರು ಕೇಳಿದ್ದರಂತೆ.

ಕೂರಿಸುವವರು ಸಿಗಲಿಲ್ಲ. ಕುಣಿಗಲ್ಲಿನಲ್ಲಿ ಆಗುವುದಿಲ್ಲ ಅಂದರು. ತುಮಕೂರಿನಲ್ಲಿ ಗ್ಯಾರೇಜುಗಳ ಸಾಲಿನಲ್ಲಿ ಒಂದೊಂದನ್ನೂ ಕೇಳಿದೆವು. "ಕಂಪ್ನಿ ಕೂರ್ಸಿರೋದನ್ನ ಮುಟ್ಬೇಡಿ ಮೇಡಂ. ಒಂದ್ಸಲ ಬಿಚ್ಚಿದ್ರೆ ಆಮೇಲೆ ಊಳಿಡ್ತಾನೇ ಇರ್ತದೆ," ಅಂತ ಒಬ್ಬರು ಕೈಮುಗಿದರು. ಕೊನೆಗೆ ಒಬ್ಬ ವಯಸ್ಸಾದ ಮೆಕ್ಯಾನಿಕ್ ಚೀಲ ಬಿಚ್ಚಿ ನೋಡಿ, "ಡಿಫರೆನ್ಷಿಯಲ್ನ ಸದ್ದು ಬರದಂಗೆ ಸೆಟ್ ಮಾಡೋರು ಗುಬ್ಬೀಲಿ ಒಬ್ರವ್ರೆ. ಕೊಬ್ರಿ ಗೋಡೌನ್ ಹಿಂದೆ ಟ್ರ್ಯಾಕ್ಟರ್ ಗ್ಯಾರೇಜು," ಅಂದರು. ನಾನೂ ನನ್ನ ಗಂಡನೂ ಮುಖ ಮುಖ ನೋಡಿಕೊಂಡೆವು. ಆ ಗ್ಯಾರೇಜು ನನ್ನ ಸೋದರಮಾವನದು.

ಮಾವ ನನ್ನ ತಾಯಿಯ ಕೊನೆಯ ತಮ್ಮ. ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ದೊಡ್ಡವನು. ನಮ್ಮಲ್ಲಿ ಸೋದರಮಾವನಿಗೆ ಹೆಣ್ಣು ಕೊಡುವುದು ವಾಡಿಕೆ. ನಾನು ಶಾಲೆಗೆ ಹೋಗುವಾಗಲೇ ಮನೆಯಲ್ಲಿ ಅದು ಆಗಿಹೋದ ಮಾತಿನಂತೆ ಓಡಾಡುತ್ತಿತ್ತು. ಓದು ಮುಗಿಯುವ ವರ್ಷ ನಾನು ಆಗುವುದಿಲ್ಲ ಅಂದೆ. ಓದುವ ಕಾಲದಲ್ಲಿ ಪರಿಚಯವಾಗಿದ್ದ ಇವರನ್ನು ಮದುವೆಯಾದೆ. ಅಪ್ಪ ಸ್ವಲ್ಪ ದಿನ ಮಾತು ಬಿಟ್ಟು ಆಮೇಲೆ ಸರಿಹೋದರು. ಮಾವ ಮದುವೆಗೆ ಬರಲಿಲ್ಲ. ಮುಂದೆ ಅವನಿಗೂ ಮದುವೆಯಾಯಿತು. ಪತ್ರಿಕೆ ಬಂತು, ನಾವು ಹೋಗಲಿಲ್ಲ. ಅಮ್ಮ ಹಬ್ಬಕ್ಕೆ ತಾನೊಬ್ಬಳೇ ಗುಬ್ಬಿಗೆ ಹೋಗಿ ಬರುತ್ತಿದ್ದಳು. ಮಾಡಿದ್ದು ತಪ್ಪು ಅಂತ ನನಗೆ ಯಾವತ್ತೂ ಅನ್ನಿಸಿರಲಿಲ್ಲ. ಆದರೂ ತುಮಕೂರಿನ ಬಸ್‌ಸ್ಟ್ಯಾಂಡಿನಲ್ಲಿ 'ಗುಬ್ಬಿ' ಅಂತ ಬೋರ್ಡ್ ಇದ್ದ ಬಸ್ಸು ನಿಂತಿದ್ದರೆ ನಾನು ಆ ಕಡೆ ನೋಡುತ್ತಿರಲಿಲ್ಲ.

ಅಮ್ಮನಿಗೆ ಫೋನ್ ಮಾಡಿದೆ. "ಹೋಗೇ. ಅವನೇನು ನಿನ್ನ ತಿಂದ್ಬುಡ್ತಾನಾ," ಅಂದಳು. ಸ್ವಲ್ಪ ತಡೆದು, "ನಾನು ಮೊದ್ಲು ಹೇಳಿರ್ಲಾ?" ಅಂತ ಕೇಳಿದಳು. ಬೇಡ ಅಂದೆ.

ಒಂದು ಬೆಳಿಗ್ಗೆ ಜೀಪಿನಲ್ಲೇ ಗುಬ್ಬಿಗೆ ಹೋದೆವು. ಗ್ಯಾರೇಜಿನ ತುಂಬ ಗ್ರೀಸಿನ ಜೊತೆ ಕೊಬ್ಬರಿಯ ವಾಸನೆ. ಮಾವ ಟ್ರ್ಯಾಕ್ಟರಿನ ಅಡಿಯಿಂದ ಹೊರಬಂದು, ಬನಿಯನ್ ಬಟ್ಟೆಯ ಚೂರಿನಿಂದ ಕೈ ಒರೆಸಿಕೊಳ್ಳುತ್ತ ನಿಂತ. ತಲೆ ಅರ್ಧ ಬೆಳ್ಳಗಾಗಿತ್ತು.

"ಬಂದ್ಯಾ," ಅಂದ. ನನ್ನ ಗಂಡನ ಕಡೆ ತಿರುಗಿ, "ಬನ್ನಿ ಮೇಷ್ಟ್ರೇ, ಕೂತ್ಕಳಿ," ಅಂದ.

ನಾನು ಏನು ಹೇಳಬೇಕು ಅಂತ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ಚಿಕ್ಕಂದಿನಿಂದ ನೀನು ಅನ್ನುತ್ತಿದ್ದವನನ್ನು ಈಗ ನೀನು ಅನ್ನಲೋ ನೀವು ಅನ್ನಲೋ ಗೊತ್ತಾಗದೆ ಎರಡೂ ಬಾರದಂತೆ ಮಾತಾಡಿದೆ. "ಜೀಪು ಕೆಸರಲ್ಲಿ ಸಿಕ್ಕಾಕೊಳ್ತಿದೆ ಮಾವ. ಇದನ್ನ ಕೂರಿಸಬೇಕಾಗಿತ್ತು," ಅಂತ ಚೀಲ ತೋರಿಸಿದೆ.

ಮಾವ ಚೀಲದಿಂದ ಆ ಕಬ್ಬಿಣವನ್ನು ತೆಗೆದು ಬೆಳಕಿಗೆ ಹಿಡಿದ. ಒಳಗೆ ಬೆರಳು ಹಾಕಿ ತಿರುಗಿಸಿ ನೋಡಿದ. ಅವನ ಮುಖದಲ್ಲಿದ್ದ ಬಿಗಿ ಸಡಿಲವಾದದ್ದು ಆಗಲೇ. ಅದು ನನ್ನನ್ನು ನೋಡಿ ಆದದ್ದಲ್ಲ, ಆ ಉಕ್ಕನ್ನು ನೋಡಿ. "ಕೇಳಿದ್ದೆ ಇದನ್ನ. ಕಣ್ಣಲ್ಲಿ ಕಂಡಿರ್ನಿಲ್ಲ. ಎಲ್ಲಿ ಸಿಕ್ತು ಮೇಷ್ಟ್ರೇ?" ಅಂದ. ಇಬ್ಬರೂ ಅದರ ಮೇಲೆ ಬಾಗಿದರು. ಪ್ಲೇಟುಗಳು ಹೇಗೆ ಹಿಡಿಯುತ್ತವೆ ಅಂತ ನನ್ನ ಗಂಡ ಹೇಳಿದರು. ಮಾವ ಒಪ್ಪದೆ ಇನ್ನೇನೋ ಹೇಳಿದ. ನಾನು ತಂದಿದ್ದ ಬಾಳೆಹಣ್ಣಿನ ಚೀಲ ಹಿಡಿದುಕೊಂಡೇ ನಿಂತಿದ್ದೆ.

"ಭಾನ್ವಾರ ಬನ್ನಿ. ಅವತ್ತು ಗ್ಯಾರೇಜು ರಜಾ, ಕೆಲ್ಸದೋರು ಯಾರೂ ಇರಲ್ಲ. ಮೇಷ್ಟ್ರು ಕೈ ಹಾಕ್ಬೇಕಾಯ್ತದೆ," ಅಂದ ಮಾವ ಕೊನೆಗೆ.

ಭಾನುವಾರ ಇಡೀ ದಿನ ಹಿಡಿಯಿತು. ಜೀಪಿನ ಹಿಂಭಾಗವನ್ನು ಎತ್ತಿ ಮರದ ದಿಮ್ಮಿಗಳ ಮೇಲೆ ಕೂರಿಸಿ, ಚಕ್ರ ಬಿಚ್ಚಿ, ಎರಡು ಬದಿಯ ಆಕ್ಸಲ್ ಕಂಬಿಗಳನ್ನೂ ಹೊರಗೆಳೆದರು. ನಡುವಿನ ಗಡಿಗೆಯ ಮುಚ್ಚಳ ತೆಗೆದಾಗ ಕಪ್ಪನೆಯ ಹಳೆಯ ಎಣ್ಣೆ ತಗಡಿನ ಬೋಗುಣಿಗೆ ಇಳಿಯಿತು. ಹಳೆಯ ಡಿಫರೆನ್ಷಿಯಲ್ಲನ್ನು ಮಾವ ಮರದ ಸನ್ನೆ ಹಾಕಿ ಮೀಟುತ್ತಿದ್ದರೆ, ಅದು ಜಾರಿ ಕಾಲ ಮೇಲೆ ಬೀಳದಂತೆ ನನ್ನ ಗಂಡ ಎದೆಗವಚಿ ಹಿಡಿದುಕೊಂಡರು. ಅಂಗಿ ಹೋಯಿತು. ನಾನು ನೋಡುತ್ತಿದ್ದೆ, ಕರು ಹೊರಗೆ ಬರುವಾಗ ನನ್ನ ಜೊತೆ ನಿಲ್ಲುವ ರೈತರ ನೆನಪಾಯಿತು.

ಹಳೆಯದಕ್ಕೆ ಬಿಗಿದಿದ್ದ ದೊಡ್ಡ ಹಲ್ಲುಚಕ್ರವನ್ನು, ಅವರು ಕ್ರೌನ್ ಅನ್ನುತ್ತಾರೆ, ಬಿಚ್ಚಿ ಹೊಸದಕ್ಕೆ ಕೂರಿಸಿದರು. ಕಷ್ಟದ ಕೆಲಸ ಇದ್ದದ್ದು ಆಮೇಲೆ. ಎಂಜಿನ್ ಕಡೆಯಿಂದ ಬರುವ ಸಣ್ಣ ಹಲ್ಲುಚಕ್ರ ಈ ಕ್ರೌನ್ ಜೊತೆ ಎಷ್ಟು ಬೇಕೋ ಅಷ್ಟೇ ಕಚ್ಚಬೇಕು. ಹೆಚ್ಚಾದರೆ ಬಿಸಿಯಾಗಿ ಹಲ್ಲು ಸವೆಯುತ್ತದೆ, ಕಡಿಮೆಯಾದರೆ ಊಳಿಡುತ್ತದೆ. ಮಾವ ಒಂದು ಡಬ್ಬಿಯಿಂದ ಸಿಂಧೂರ ತೆಗೆದು ಎಣ್ಣೆಯಲ್ಲಿ ಕಲಸಿದ.

"ಇದು ದೇವಸ್ಥಾನದ್ದಾ ಮಾವ?" ಅಂದೆ.

"ಆಂಜನೇಯಂಗೆ ಹಚ್ಚೋದೇ ಕಣವ್ವ. ಅಂಗ್ಡೀಲಿ ಒಂದೇ ಡಬ್ಬದಿಂದ ಕೊಡ್ತಾರೆ."

ಅದನ್ನು ಬ್ರಷ್ಷಿನಿಂದ ಹಲ್ಲುಗಳಿಗೆ ಬಳಿದು ಮೇಷ್ಟ್ರಿಗೆ ತಿರುಗಿಸಲು ಹೇಳಿದ. ಎದುರು ಹಲ್ಲು ಉಜ್ಜಿದ ಕಡೆ ಸಿಂಧೂರ ಅಳಿಸಿ ಗುರುತು ಬಿತ್ತು. ಗುರುತು ಹಲ್ಲಿನ ನಡುವೆ ಬೀಳಬೇಕು, ಬಿದ್ದದ್ದು ಅಂಚಿಗೆ. ಎಲ್ಲ ಮತ್ತೆ ಬಿಚ್ಚಿ, ಬೇರಿಂಗ್ ಕೆಳಗಿನ ತೆಳ್ಳನೆಯ ತಗಡಿನ ಬಳೆಯೊಂದನ್ನು ಈ ಬದಿಯಿಂದ ಆ ಬದಿಗೆ ಹಾಕಿದರು. ಮತ್ತೆ ಸಿಂಧೂರ, ಮತ್ತೆ ತಿರುಗಿಸುವುದು. ಈ ಸಲ ಇನ್ನೊಂದು ಅಂಚಿಗೆ. ಇಬ್ಬರ ಮೊಣಕೈವರೆಗೂ ಕೆಂಪಾಗಿತ್ತು.

ಮಧ್ಯಾಹ್ನ ಮಾವನ ಹೆಂಡತಿ ಊಟಕ್ಕೆ ಕರೆದಳು. ಮನೆ ಗ್ಯಾರೇಜಿಗೆ ಅಂಟಿಕೊಂಡೇ ಇತ್ತು. ನನಗಿಂತ ಚಿಕ್ಕವಳು, ಆದರೆ ಸಂಬಂಧದಲ್ಲಿ ಅತ್ತೆ. ಅವಳನ್ನು ನಾನು ಅವತ್ತೇ ಮೊದಲು ಸರಿಯಾಗಿ ನೋಡಿದ್ದು. ಗಂಡಸರು ಕೈಯಿಂದ ಸಿಂಧೂರ ಬಿಡಿಸಿಕೊಳ್ಳಲು ಸೀಮೆಎಣ್ಣೆ ಹಚ್ಚಿ ತಿಕ್ಕುತ್ತ ಹಿತ್ತಿಲಲ್ಲೇ ಇದ್ದರು. ನಾನೊಬ್ಬಳೇ ಅಡುಗೆಮನೆಯಲ್ಲಿ. ಅವಳು ಮುದ್ದೆ ಕಟ್ಟುತ್ತಿದ್ದಳು, ನಾನು ತಟ್ಟೆ ಹಿಡಿದು ಕೊಟ್ಟೆ.

"ಅತ್ತೆ, ನಿಮ್ಮ ಮದ್ವೆಗೆ ನಾವು ಬರಕ್ಕಾಗ್ಲಿಲ್ಲ," ಅಂದೆ.

ಅವಳು ಮುದ್ದೆಯನ್ನು ಅಂಗೈಯಲ್ಲಿ ತಿರುಗಿಸಿ ತಟ್ಟೆಗೆ ಇಳಿಸಿದಳು. "ನೀವು ಬ್ಯಾಡ ಅಂದಿದ್ಕೇ ತಾನೇ ನಾನಿಲ್ಲಿರೋದು. ನಿಮ್ಮನ್ನ ನೋಡ್ಬೇಕು ಅಂತ ನಂಗೆ ಎಷ್ಟ್ ದಿನದಿಂದ ಇತ್ತು," ಅಂದು ನಕ್ಕಳು. ಅದರಲ್ಲಿ ಚುಚ್ಚು ಇರಲಿಲ್ಲ. "ಸಾರು ಖಾರ ಆಗಿಲ್ಲ ತಾನೆ, ನೋಡಿ ಹೇಳಿ," ಅಂತ ಸೌಟಿನಲ್ಲಿ ಅವರೆಕಾಳಿನ ಸಾರು ಹಿಡಿದಳು. ನಾನು ರುಚಿ ನೋಡಿ ಸರಿಯಾಗಿದೆ ಅಂದೆ. ನಿಜವಾಗಿ ಅದು ತುಂಬ ಖಾರ ಇತ್ತು. ಆದರೆ ಅಷ್ಟು ವರ್ಷ ಹೆದರಿಕೊಂಡಿದ್ದ ಮನೆಯೊಳಗೆ ನಾನು ಸಾರಿನ ರುಚಿ ನೋಡುತ್ತ ನಿಂತಿದ್ದೆ, ಕಣ್ಣಲ್ಲಿ ನೀರು ಬಂದದ್ದಕ್ಕೆ ಖಾರದ ನೆಪವೂ ಇತ್ತು.

ಊಟವಾದ ಮೇಲೆ ಮೂರನೆಯ ಸಲ ಕೂರಿಸಿದಾಗ ಗುರುತು ಹಲ್ಲಿನ ನಡುವೆ ಬಿತ್ತು. ಮಾವ ಬೀಡಿ ಹಚ್ಚಿದ. ಹೊಸ ಪ್ಯಾಕಿಂಗ್ ಹಾಕಿ ಮುಚ್ಚಳ ಬಿಗಿದು, ಡಬ್ಬಿಯ ಗೇರ್ ಆಯಿಲ್ ತುಂಬಿದ. ಸಂಜೆ ಹೊತ್ತಿಗೆ ನಾವು ಗುಬ್ಬಿ ಬಿಟ್ಟೆವು. ನೇರ ರಸ್ತೆಯಲ್ಲಿ ಜೀಪು ಸದ್ದಿಲ್ಲದೆ ಓಡಿತು. ನನ್ನ ಗಂಡ ಕಿವಿ ಹಿಂದಕ್ಕೆ ಕೊಟ್ಟು ಕೂತಿದ್ದವರು, "ಊಳಿಡ್ತಾ ಇಲ್ಲ," ಅಂತ ಸಮಾಧಾನದಿಂದ ಒರಗಿದರು.

ಆ ಸಮಾಧಾನ ತುಮಕೂರು ಮುಟ್ಟುವವರೆಗೆ ಇತ್ತು. ಊರೊಳಗೆ ಬಸ್‌ಸ್ಟ್ಯಾಂಡ್ ಹತ್ತಿರ ಸ್ಟಿಯರಿಂಗ್ ಪೂರ್ತಿ ತಿರುಗಿಸಿದೆ. ಹಿಂದಿನಿಂದ ಗರ ಗರ ಗರ ಅಂತ ಸದ್ದು ಬಂದು ಜೀಪು ಚಳಿ ಹಿಡಿದ ದನದಂತೆ ನಡುಗಿತು. ಹಣ್ಣಿನ ಗಾಡಿಯವನು ತಿರುಗಿ ನೋಡಿದ. ನೇರ ಹೋದರೆ ಸದ್ದಿಲ್ಲ. ತಿರುಗಿಸಿದರೆ ಮತ್ತೆ ಅದೇ. ಕುಣಿಗಲ್ ಸೇರುವವರೆಗೂ ಪ್ರತಿ ತಿರುವಿನಲ್ಲೂ ಏನೋ ಮುರಿಯುತ್ತಿದೆ ಅನ್ನಿಸುತ್ತಿತ್ತು.

"ಮಾವಂಗೆ ಹೇಳೋದು ಬೇಡ. ಬೇರೆ ಯಾರಿಗಾದ್ರೂ ತೋರ್ಸೋಣ. ಅವರ ಕೆಲಸ ಕೆಟ್ಟಿದೆ ಅಂತ ಹೋಗಿ ಹೇಳಿದ್ರೆ ಏನಂದ್ಕೋತಾರೆ?" ಅಂದರು ನನ್ನ ಗಂಡ. ನನಗೂ ಅದೇ ಭಯ. ಆದರೆ ಬೇರೆಯವರಿಗೆ ತೋರಿಸಿ ಅದು ಮಾವನ ಕಿವಿಗೆ ಬಿದ್ದರೆ ಇನ್ನೂ ಕೆಟ್ಟದ್ದು. ಮಾರನೆಯ ದಿನ ರಜಾ ಹಾಕಿ ಇಬ್ಬರೂ ಮತ್ತೆ ಗುಬ್ಬಿಗೆ ಹೋದೆವು.

ಮಾವ ತಾನೇ ಕೂತು ಗ್ಯಾರೇಜಿನ ಮುಂದೆ ಒಂದು ಸುತ್ತು ತಿರುಗಿಸಿದ. ಸದ್ದು ಕೇಳಿ ಅವನ ಮುಖ ಇಳಿಯಿತು. ಕೆಲಸಗಾರರೆಲ್ಲ ಕೈ ನಿಲ್ಲಿಸಿ ನೋಡುತ್ತಿದ್ದರು. ಮುಚ್ಚಳ ಬಿಚ್ಚಿ, ಬಟ್ಟೆಯಿಂದ ಒರೆಸಿ, ಪ್ರತಿ ಹಲ್ಲನ್ನೂ ಟಾರ್ಚ್ ಹಾಕಿ ನೋಡಿದ. ಮತ್ತೆ ಸಿಂಧೂರ ಬಳಿದು ತಿರುಗಿಸಿದ. ಗುರುತು ನಡುವೆಯೇ ಬಿತ್ತು.

"ನನ್ ಕೆಲ್ಸದಾಗೆ ಏನೂ ಇಲ್ಲ," ಅಂದ. ದನಿ ಗಡುಸಾಗಿತ್ತು. "ಮಾಲೇ ಸರಿ ಇಲ್ಲ ಮೇಷ್ಟ್ರೇ. ಯಾರೋ ಗುಜ್ರಿ ಕಟ್ಟಿ ಕಳಿಸವ್ರೆ ನಿಮ್ಗೆ."

"ಅವ್ನು ಅಂಥವನಲ್ಲ," ಅಂದರು ನನ್ನ ಗಂಡ. ಅವರ ದನಿಯೂ ಅಷ್ಟೇ ಗಡುಸಾಗಿತ್ತು.

"ಅಂದ್ರೆ ನಾನು ಹಾಳ್ ಮಾಡ್ದೆ ಅಂತಲಾ?"

ಇಬ್ಬರೂ ಎದುರುಬದುರು ನಿಂತರು. ಒಂದು ದಿನದ ಹಿಂದೆ ಒಟ್ಟಿಗೆ ಸಿಂಧೂರ ತೊಳೆದುಕೊಂಡಿದ್ದವರು. ಎಲ್ಲ ಮತ್ತೆ ಮೊದಲಿನ ಜಾಗಕ್ಕೇ ಹೋಗಿ ನಿಂತಿತು ಅನ್ನಿಸಿ ನಾನು ಇಬ್ಬರ ನಡುವೆ ಬಂದೆ. "ಮಾವ, ನೀನು ಸುಮ್ನಿರು. ನೀವೂ ಸುಮ್ನಿರಿ," ಅಂದೆ. ನೀನು ಅನ್ನುವುದು ತಾನಾಗಿ ಬಂದಿತ್ತು. "ಕೊಟ್ಟೋರನ್ನೇ ಕೇಳೋಣ. ಇಲ್ಲಿ ಎಸ್‌ಟಿಡಿ ಬೂತ್ ಎಲ್ಲಿದೆ?"

ಬೂತು ಎದುರಿಗೇ ಇತ್ತು. ಮೂವರೂ ಹೋದೆವು. ಗಾಜಿನ ಪೆಟ್ಟಿಗೆಯೊಳಗೆ ನನ್ನ ಗಂಡ ಮಾತಾಡುತ್ತಿದ್ದರೆ ನಾನು, ಮಾವ ಹೊರಗೆ ನಿಂತು ಅವರ ಮುಖ ನೋಡುತ್ತಿದ್ದೆವು. ಮೊದಲು ಹುಬ್ಬು ಗಂಟಿಕ್ಕಿಕೊಂಡಿತು. ಆಮೇಲೆ ಬಾಯಿ ಸ್ವಲ್ಪ ತೆರೆಯಿತು. ಆಮೇಲೆ ಅವರು ಹಣೆಗೆ ಕೈ ಹೊಡೆದುಕೊಂಡು ನಗತೊಡಗಿದರು. ಬಾಗಿಲು ತೆರೆದು ರಿಸೀವರನ್ನು ಮಾವನ ಕಡೆ ಚಾಚಿ, "ನಿಮ್ಗೇ ಹೇಳ್ತಾನಂತೆ, ಮಾತಾಡಿ," ಅಂದರು.

ಮಾವ ರಿಸೀವರ್ ಹಿಡಿದು ಹೂಂ, ಹೂಂ ಅನ್ನುತ್ತ ಕೇಳಿದ. "ಎಣ್ಣೇನಾ?" ಅಂದ. ಮತ್ತೆ, "ಅಷ್ಟೇನಾ?" ಅಂದ.

ಅಷ್ಟೇ ಆಗಿತ್ತು. ಒಳಗಿನ ಪ್ಲೇಟುಗಳು ಒಂದರ ಮೇಲೊಂದು ನಯವಾಗಿ ಜಾರಲು ಗೇರ್ ಆಯಿಲ್ ಜೊತೆ ಇನ್ನೊಂದು ಬಗೆಯ ಎಣ್ಣೆಯನ್ನು ಸ್ವಲ್ಪ ಬೆರೆಸಬೇಕು. ಇಲ್ಲದಿದ್ದರೆ ತಿರುವಿನಲ್ಲಿ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಸದ್ದು ಮಾಡುತ್ತವೆ. ಆ ಎಣ್ಣೆಯ ಸಣ್ಣ ಶೀಶೆ ಆ ರ್‍ಯಾಲಿ ಹುಡುಗನ ಕಪಾಟಿನಲ್ಲೇ ಇತ್ತು, ಕೊಡಲು ಮರೆತಿದ್ದ. ಏನೂ ಮುರಿದಿರಲಿಲ್ಲ. ಯಾರ ಕೆಲಸವೂ ಕೆಟ್ಟಿರಲಿಲ್ಲ. ನಾನು ಬೂತಿನ ಪಕ್ಕದ ಅಂಗಡಿಯ ಬೆಂಚಿನ ಮೇಲೆ ಕೂತುಬಿಟ್ಟೆ. ಮಾವ ಮೂರು ಟೀ ಹೇಳಿದ. ಟೀ ಬರುವವರೆಗೂ ಮೂವರಲ್ಲಿ ಯಾರಾದರೊಬ್ಬರು ಸುಮ್ಮನೆ ನಗುತ್ತಲೇ ಇದ್ದರು.

ನನ್ನ ಗಂಡ ಅಲ್ಲಿಂದಲೇ ಬೆಂಗಳೂರಿಗೆ ಬಸ್ಸು ಹತ್ತಿದರು. ನಾನು ಮಾವನ ಮನೆಯಲ್ಲೇ ಉಳಿದೆ. ಮಾರನೆಯ ಮಧ್ಯಾಹ್ನ ಅವರು ಶೀಶೆ ತಂದಾಗ ಮಾವ ಮುಚ್ಚಳ ತೆಗೆದು ಮೂಸಿ ನೋಡಿ ಮುಖ ಹಿಂದಕ್ಕೆ ಎಳೆದುಕೊಂಡ. ಕೊಳೆತ ಮೀನಿನಂಥ ವಾಸನೆ. "ನಾನು ದಿನಾ ಮೂಸೋದಕ್ಕಿಂತ ವಾಸಿ," ಅಂದೆ. ಅತ್ತೆ ಸೆರಗನ್ನು ಮೂಗಿಗೆ ಅಡ್ಡ ಹಿಡಿದು ನಕ್ಕಳು.

ಶೀಶೆ ಸುರಿದಾದ ಮೇಲೆ ಎಣ್ಣೆ ಪ್ಲೇಟುಗಳ ನಡುವೆ ಇಳಿಯಲು ಜೀಪನ್ನು ಎಂಟರ ಆಕಾರದಲ್ಲಿ ನಿಧಾನವಾಗಿ ಸುತ್ತಿಸಬೇಕು ಅಂತ ಆ ಹುಡುಗ ಹೇಳಿದ್ದ. ಊರಾಚೆ ಒಂದು ಬಯಲಿಗೆ ಹೋದೆವು. ಮಾವ ಸ್ಟಿಯರಿಂಗ್ ಹಿಡಿದ, ಮೇಷ್ಟ್ರು ಪಕ್ಕದಲ್ಲಿ, ನಾನೂ ಅತ್ತೆಯೂ ಹಿಂದೆ. ಎಡಕ್ಕೊಂದು ಸುತ್ತು, ಬಲಕ್ಕೊಂದು ಸುತ್ತು. ಮೊದಮೊದಲು ಗರ ಗರ ಸದ್ದು ಜೋರಾಗೇ ಇತ್ತು. ಮಾವ ತುಟಿ ಬಿಗಿಹಿಡಿದಿದ್ದ. ದನ ಮೇಯಿಸುತ್ತಿದ್ದ ಒಬ್ಬ ಮುದುಕ ಹತ್ತಿರ ಬಂದು, "ಏನ್ ಕಳ್ಕಂಡ್ರಪ್ಪ?" ಅಂತ ಕೇಳಿದ. ಸುತ್ತುತ್ತ ಸುತ್ತುತ್ತ ಗರ ಗರ ತಗ್ಗಿ ಗುರ್ ಅನ್ನುವಷ್ಟಾಯಿತು. ಆಮೇಲೆ ಆಗೊಮ್ಮೆ ಈಗೊಮ್ಮೆ. ಆಮೇಲೆ ಎಂಜಿನ್ನಿನ ಸದ್ದು ಬಿಟ್ಟರೆ ಏನೂ ಇಲ್ಲ. ಮಾವ ಇನ್ನೂ ಒಂದಷ್ಟು ಸುತ್ತಿಸಿ, ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ ನೋಡಿ, ಬ್ರೇಕ್ ಹಾಕಿದ.

"ನಿಂತೋಯ್ತು," ಅಂದ. ಅಷ್ಟು ಮೆತ್ತಗೆ ಅವನು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಅತ್ತೆಗೆ ತಲೆ ಸುತ್ತಿ ವಾಂತಿ ಬರುವಂತಾಗಿತ್ತು. ಅವಳನ್ನು ಇಳಿಸಿ ನೆರಳಲ್ಲಿ ಕೂರಿಸಿ ನೀರು ಕೊಟ್ಟೆ. ಗಂಡಸರಿಬ್ಬರೂ ಜೀಪಿನ ಹಿಂದೆ ಕುಕ್ಕರುಗಾಲಲ್ಲಿ ಕೂತು ಆ ಗಡಿಗೆಯಂಥ ಭಾಗಕ್ಕೆ ಕೈ ಮುಟ್ಟಿಸಿ ಬಿಸಿ ನೋಡುತ್ತಿದ್ದರು.

ಒಂದು ತಿಂಗಳ ಮೇಲೆ ಮಾವ ಅತ್ತೆಯನ್ನು ಕರೆದುಕೊಂಡು ಮೊದಲ ಸಲ ಕುಣಿಗಲ್ಲಿನ ನಮ್ಮ ಮನೆಗೆ ಬಂದ. ಬಂದವನು ಒಳಗೆ ಬಂದು ನೀರು ಕುಡಿಯುವ ಮೊದಲೇ, "ಆ ಕೆಸರು ಎಲ್ಲೈತೆ, ನಡೀರಿ," ಅಂದ. ಅವತ್ತು ನಾಲೆಯಾಚೆಯ ಊರಲ್ಲಿ ನನಗೆ ಹೊಟ್ಟೆಯುಬ್ಬರದ ಹಸುವೊಂದನ್ನು ನೋಡುವುದಿತ್ತು. ನಾಲ್ವರೂ ಹೊರಟೆವು. ಹಿಂದಿನ ದಿನ ಮಳೆ ಬಂದಿತ್ತು.

ಜೇಡಿಯ ಜಾಗ ಬಂದಾಗ ಮಾವ ಇಳಿದ. "ನೀನು ಹೋಗು, ನಾನು ಹಿಂದಿನಿಂದ ನೋಡ್ತೀನಿ." ನಾನು ಎರಡನೇ ಗೇರಿನಲ್ಲಿ ಇಳಿಸಿದೆ. ಎಡಚಕ್ರ ಜಾರಿತು. ಜೀಪಿನ ಹಿಂಭಾಗ ಒಂದು ಸಲ ತೊನೆಯಿತು. ನಾನು ಆಕ್ಸಲರೇಟರ್ ಬಿಡಲಿಲ್ಲ. ಆಮೇಲೆ ಬಲಗಡೆ ಏನೋ ನೆಲವನ್ನು ಕಚ್ಚಿದಂತಾಗಿ ಜೀಪು ಮುಂದಕ್ಕೆ ಸರಿಯಿತು. ನಿಲ್ಲದೆ, ಅವಸರವಿಲ್ಲದೆ, ಜೇಡಿ ದಾಟಿ ಗಟ್ಟಿ ನೆಲ ಹತ್ತಿತು. ಕನ್ನಡಿಯಲ್ಲಿ ನೋಡಿದೆ: ಮಾವ ಪಂಚೆ ಮೊಣಕಾಲಿಗೆ ಎತ್ತಿಕೊಂಡು, ಕೆಸರಲ್ಲಿ ಹೆಜ್ಜೆ ಕೀಳುತ್ತ, ಬಲಚಕ್ರದ ಮೇಲಿನಿಂದ ಕಣ್ಣು ತೆಗೆಯದೆ ಬರುತ್ತಿದ್ದ. ಹಸುವಿನ ಮನೆಗೆ ಸಮಯಕ್ಕೆ ಮುಂಚೆಯೇ ಮುಟ್ಟಿದೆವು. ಗಾಳಿ ಹೋಗುವಂತೆ ಬಾಯಿಂದ ಹೊಟ್ಟೆಗೆ ನಳಿಗೆ ಇಳಿಸಿದೆ. ಸ್ವಲ್ಪ ಹೊತ್ತಿಗೆ ಅದು ಮೆಲುಕು ಹಾಕತೊಡಗಿತು. ಮಾವ ದೂರ ನಿಂತು ನೋಡುತ್ತಿದ್ದ.

ಅಲ್ಲಿಂದ ಮಾರ್ಕೋನಹಳ್ಳಿ ಅಣೆಕಟ್ಟೆಗೆ ಹೋದೆವು. ನನ್ನ ಗಂಡ ಅತ್ತೆಗೆ ಅಣೆಕಟ್ಟೆ ತುಂಬಿದಾಗ ಸೈಫನ್ ಕೊಳವೆಗಳಿಂದ ನೀರು ತಾನಾಗೇ ಹೇಗೆ ಹೊರಬೀಳುತ್ತದೆ ಅಂತ ತೋರಿಸಲು ಮುಂದೆ ಹೋದರು. ನಾನು, ಮಾವ ಏರಿಯ ಮೇಲೆ ಕೂತೆವು. ಅವನು ಒಣಗಿದ ಕೆಸರನ್ನು ಕಾಲಿನಿಂದ ಕಡ್ಡಿಯಲ್ಲಿ ಕೆರೆದು ತೆಗೆಯುತ್ತಿದ್ದ.

"ಒಂದ್ ಮಾತು ಕಣವ್ವ," ಅಂದ. "ನೀನು ಆವತ್ತು ಬ್ಯಾಡ ಅಂದ್ಯಲ್ಲ."

ನಾನು ಹೂಂ ಅಂದೆ. ಇದು ಬಂದೇ ಬರುತ್ತದೆ ಅಂತ ಗೊತ್ತಿತ್ತು.

"ನಂಗೆ ನೋವಾಯ್ತು ಅಂತ ಎಲ್ರೂ ಅಂದ್ಕಂಡವ್ರೆ. ನೀನೂ ಅಂದ್ಕಂಡಿರ್ಬೇಕು."

"ಆಗಿರ್ಲಿಲ್ವಾ?"

"ನಿನ್ನ ಎತ್ತಾಡ್ಸಿದೋನು ನಾನು. ಮೂಗು ಒರೆಸಿದೋನು. ನಿನ್ನ ಹೆಂಗೆ ಕಟ್ಕಳ್ಳದು ಅಂತ ನಂಗೇ ದಿಗಿಲಾಗಿತ್ತು. ಅಕ್ಕನ ಮುಂದೆ ಆಗಲ್ಲ ಅನ್ನಕ್ಕೆ ಬಾಯಿ ಬರ್ನಿಲ್ಲ. ನೀನು ಅಂದೆ. ಅವತ್ತು ಹೊಟ್ಟೆ ತುಂಬ ಉಂಡು ಮಲಗ್ದೆ."

ನಾನು ಅವನ ಮುಖ ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ. "ಮತ್ತೆ ಮದ್ವೆಗೆ ಯಾಕೆ ಬರ್ಲಿಲ್ಲ ಮಾವ?"

"ಬಂದ್ರೆ ಎಲ್ರೂ ನನ್ ಮುಖಾನೇ ನೋಡೋರು. ಅಳು ಮುಖ ಮಾಡಕ್ಕೆ ನಂಗೆ ಬರಲ್ಲ. ನಕ್ರೆ ನಿಮ್ಮಮ್ಮ ಬಯ್ಯೋಳು. ಆಮೇಲೆ ದಿನ ಕಳೀತಾ ಕಳೀತಾ ಹೆಂಗ್ ಬರೋದು ಅಂತ ತಿಳೀನಿಲ್ಲ. ನೀವಾಗೇ ಬಂದ್ರಿ."

ಎದೆಯ ಮೇಲಿಂದ ಏನೋ ಇಳಿಯಿತು. ಅದು ಅಲ್ಲಿತ್ತು ಅಂತ ಇಳಿದ ಮೇಲೇ ನನಗೆ ಗೊತ್ತಾದದ್ದು. ನಾನು ಅವನ ಕೈಯಿಂದ ಕಡ್ಡಿ ತೆಗೆದುಕೊಂಡು ನನ್ನ ಚಪ್ಪಲಿಯ ಕೆಸರು ಕೆರೆಯತೊಡಗಿದೆ. ಅವನು ಇನ್ನೊಂದು ಕಡ್ಡಿ ಹುಡುಕಿಕೊಂಡ.

ವಾಪಸು ಬರುವಾಗ ತಾನೇ ಓಡಿಸುತ್ತೇನೆ ಅಂದ ಮಾವ. ನಾನು ಹಿಂದೆ ಅತ್ತೆಯ ಪಕ್ಕ ಕೂತೆ. ಅಷ್ಟು ದಿನ ಆ ಜೀಪನ್ನು ನಾನೇ ಓಡಿಸಿದ್ದು. ಅದರಲ್ಲಿ ಕೈ ಕಟ್ಟಿ ಕೂತು ಹೊರಗೆ ನೋಡಿದ್ದು ಕಡಿಮೆ. ಬಿಸಿಲು ಇಳಿಯುತ್ತಿತ್ತು, ಗದ್ದೆಗಳಲ್ಲಿ ನಾಟಿ ಮುಗಿದಿತ್ತು. ಮುಂದೆ ಮಾವ ಮತ್ತು ಮೇಷ್ಟ್ರು ಮುಂದಿನ ಚಕ್ರಗಳಿಗೂ ಶಕ್ತಿ ಕೊಡುವಂತೆ ಮಾಡಬಹುದೋ ಇಲ್ಲವೋ ಅಂತ ವಾದ ಶುರು ಮಾಡಿದರು. ಆಗಲ್ಲ ಅಂತ ಒಬ್ಬರು, ಯಾಕಾಗಲ್ಲ ಅಂತ ಇನ್ನೊಬ್ಬರು. ಸ್ವಲ್ಪ ದೂರ ಕೇಳಿಸಿಕೊಂಡೆ. ಆಮೇಲೆ ಅತ್ತೆಯ ಭುಜಕ್ಕೆ ತಲೆ ಕೊಟ್ಟು ನಿದ್ದೆ ಮಾಡಿದೆ. ಕುಣಿಗಲ್ ಬಂದಾಗ ಅವಳೇ ಎಬ್ಬಿಸಿದಳು.